ಲಿನಕ್ಸ್ ಮೇ ನಹೀ ಚಲೇಗಾ? ಮನೆಯ ಬ್ರಾಡ್‌ಬ್ಯಾಂಡ್ ಲಾಗಿನ್ ಬಗ್ಗೆ ಒಂದು ಮಾತು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಸೇರಿದ್ದ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಪರದೆಯ ಮೇಲೆ ತೋರಿಸಿದ್ದನ್ನು ಬಿಟ್ಟು, ಬಾಯಲ್ಲಿ ಹೇಳಿದ್ದನ್ನು ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ರಿಪೇರಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಇದ್ದರೂ ಠಾಣೆ, ಮುಲುಂಡ್ ಕಡೆಯಿಂದ ಬಂದವರಿದ್ದೀರಿ. ತುಂಬಾ ಖುಷಿಯಾಯಿತು.

ಇವತ್ತಿನ ವಿಷಯ ನನ್ನ ಚಿಕ್ಕಮ್ಮನ ಮನೆಯಲ್ಲಿ ಹುಟ್ಟಿದ್ದು. ಅವರು ಮುಲುಂಡ್‌ನಲ್ಲಿದ್ದಾರೆ. ಟೀಚರ್ ಆಗಿ ರಿಟೈರ್ ಆದವರು. ಅವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಕೇಳುತ್ತದೆ, ಹೊಸ ಪ್ರೊಸೆಸರ್ ಕೇಳುತ್ತದೆ. ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಎರಡೂ ಇಲ್ಲ. ಯಂತ್ರ ಮಾತ್ರ ಗಟ್ಟಿಯಾಗಿದೆ. ಕೀಬೋರ್ಡಿನ ಒಂದು ಅಕ್ಷರವೂ ಸವೆದಿಲ್ಲ. ಅದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಲು ನನಗೆ ಮನಸ್ಸಾಗಲಿಲ್ಲ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟೆ.

ಆಗ ಅವರ ಮನೆಯಲ್ಲಿ ರೂಟರ್ ಇರಲಿಲ್ಲ. ಕಟ್ಟಡದ ಮೆಟ್ಟಿಲ ಹತ್ತಿರ ಕೇಬಲ್‌ವಾಲಾನ ಒಂದು ಪೆಟ್ಟಿಗೆ ಇದೆ. ಅಲ್ಲಿಂದ ಒಂದು ವೈರ್ ಬಾಗಿಲಿನ ಮೇಲಿನಿಂದ ಒಳಗೆ ಬಂದು ನೇರ ಲ್ಯಾಪ್‌ಟಾಪಿಗೆ ಸೇರುತ್ತಿತ್ತು. ವಿಂಡೋಸ್‌ನಲ್ಲಿ ಒಂದು ‘ಕನೆಕ್ಟ್’ ಗುಂಡಿ ಇತ್ತು, ಅದನ್ನು ಒತ್ತುತ್ತಿದ್ದರು. ಲಿನಕ್ಸ್‌ನಲ್ಲಿ ಆ ಗುಂಡಿ ಕಾಣಲಿಲ್ಲ. ಕಂಪ್ಲೇಂಟ್ ಕೊಟ್ಟರು. ಹುಡುಗ ಬಂದು ನೋಡಿ, "ಲಿನಕ್ಸ್ ಮೇ ನಹೀ ಚಲೇಗಾ ಆಂಟಿ, ವಿಂಡೋಸ್ ಡಾಲ್ನಾ ಪಡೇಗಾ" (ಲಿನಕ್ಸ್‌ನಲ್ಲಿ ನಡೆಯುವುದಿಲ್ಲ, ವಿಂಡೋಸ್ ಹಾಕಬೇಕಾಗುತ್ತದೆ) ಅಂದು ಹೋದ. ಚಿಕ್ಕಮ್ಮ ರಾತ್ರಿ ಫೋನ್ ಮಾಡಿದರು. "ಮಗಾ, ನೀನು ಏನು ಮಾಡಿ ಹೋದೆ? ಈಗ ನೆಟ್ಟೇ ಇಲ್ಲ ನೋಡು."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಅವನು ಹೇಳಿದ್ದು ನಿಜವಲ್ಲ. ಮನೆಯ ನೆಟ್‌ಗೆ ಬೇಕಾದ ಲಾಗಿನ್ ವಿಂಡೋಸಿನ ಸೊತ್ತಲ್ಲ. ಅದು ನಿಮ್ಮದು. ದುಡ್ಡು ಕೊಟ್ಟು ಪಡೆದ ಕನೆಕ್ಷನ್ನಿನ ಕೀಲಿಕೈ ಅದು. ಅದರ ವಿವರ ನಿಮ್ಮ ಕೈಯಲ್ಲಿದ್ದರೆ ಯಾವ ಕಂಪ್ಯೂಟರ್ ಆದರೂ ಸರಿ. ಇದನ್ನು ಹೇಳಲಿಕ್ಕೇ ನಾನು ಬಂದದ್ದು.

ಲಾಗಿನ್ ಯಾಕೆ ಬೇಕು ಅಂತ ಮೊದಲು ನೋಡೋಣ. ನಮ್ಮ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಒಂದು ರಿಜಿಸ್ಟರ್ ಇಡುತ್ತಾನೆ ಅಲ್ವಾ? ಹೆಸರು, ಯಾವ ಫ್ಲ್ಯಾಟ್, ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಹೊತ್ತಿಗೆ ಹೋದಿರಿ. ಆಪರೇಟರ್ ಹತ್ತಿರವೂ ಅಂಥದ್ದೇ ಒಂದು ರಿಜಿಸ್ಟರ್ ಇರುತ್ತದೆ. ಅದನ್ನು ನೋಡಿಕೊಳ್ಳುವ ಪದ್ಧತಿಗೆ ರೇಡಿಯಸ್ ಅಂತ ಹೆಸರು. 1990ರ ದಶಕದಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಮಾಡಿದ್ದು. ಇವರು ಯಾರು, ಇವರಿಗೆ ಎಷ್ಟು ಸ್ಪೀಡ್ ಕೊಡಬೇಕು, ಎಷ್ಟು ಹೊತ್ತು ಇದ್ದರು, ಎಷ್ಟು ಡೇಟಾ ಬಳಸಿದರು, ಇಷ್ಟನ್ನು ಅದು ನೋಡುತ್ತದೆ. ನಿಮ್ಮ ಪ್ಲಾನ್ ಮುಗಿದ ದಿನ ಲಾಗಿನ್ ನಿಲ್ಲಿಸುವುದೂ ಅದೇ. ನಮ್ಮಲ್ಲಿ ಲೈಸೆನ್ಸಿನ ಷರತ್ತೂ ಇದೆ. ಇಂಥ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕು ಅಂತ ಟೆಲಿಕಾಂ ಇಲಾಖೆ 2021ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಮಾಡಿತು. ಹಾಗಾಗಿ ಲಾಗಿನ್ ಕೇಳುವುದು ತಪ್ಪಲ್ಲ, ಅದು ಬೇಕೇ ಬೇಕು.

ಆದರೆ ಇಲ್ಲಿ ಗಮನ ಕೊಡಿ. ಆ ರಿಜಿಸ್ಟರಿನಲ್ಲಿ ನಿಮ್ಮ ಆಪರೇಟಿಂಗ್ ಸಿಸ್ಟಂ ಯಾವುದು ಅಂತ ಕೇಳುವ ಕಾಲಂ ಇಲ್ಲ. ಹೆಸರು ಸರಿಯಾ, ಪಾಸ್‌ವರ್ಡ್ ಸರಿಯಾ, ಅಷ್ಟೇ. ಇನ್ನೊಂದು ಮಾತು. ರೇಡಿಯಸ್ ಸರ್ವರ್‌ಗಳಲ್ಲಿ ಬಹಳ ಹೆಸರಾದ ಫ್ರೀರೇಡಿಯಸ್ ಸಾಮಾನ್ಯವಾಗಿ ಓಡುವುದು ಲಿನಕ್ಸ್ ಮೇಲೆ. ನಾನು ನೋಡಿದ ಲೋಕಲ್ ಆಪರೇಟರ್‌ಗಳಲ್ಲಿ ಹಲವರು ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ರೂಟರ್ ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಅದರೊಳಗಿನ ರೂಟರ್‌ಒಎಸ್‌ನ ಬುಡದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸಿನ ತಿರುಳೇ. ಅಂದರೆ ಚಿಕ್ಕಮ್ಮನ ಲಿನಕ್ಸ್ ಹೋಗಿ ಮಾತಾಡಬೇಕಾದದ್ದು ಇನ್ನೊಂದು ಲಿನಕ್ಸ್ ಹತ್ತಿರ!

ಈಗ ಚಿಕ್ಕಮ್ಮನ ಕನೆಕ್ಷನ್ನಿಗೆ ಬರೋಣ. ಅದು ಪಿಪಿಪಿಒಇ ಎಂಬ ಬಗೆಯದ್ದು. ನಿಮ್ಮಲ್ಲಿ ಜಾಸ್ತಿ ಜನರ ಮನೆಯಲ್ಲೂ ಅದೇ ಇರಬಹುದು. ಹಳಬರಿಗೆ ನೆನಪಿರುತ್ತದೆ, 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಇಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆಗ ಮೋಡೆಮ್ ಕಿರ್ ಕಿರ್ ಅಂತ ಫೋನ್ ಹಚ್ಚಬೇಕಿತ್ತು. ಫೋನ್ ತಂತಿಯ ಮೇಲೆ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಮಾಡುವ ಕ್ರಮವೇ ಪಿಪಿಪಿ. ಫೋನ್ ಅಂದರೆ ಇಬ್ಬರ ನಡುವಿನ ಮಾತು. ಯಾರು ಕರೆ ಮಾಡಿದರು ಅಂತ ಗೊತ್ತಾಗುತ್ತದೆ. ಆದರೆ ಕಟ್ಟಡಕ್ಕೆ ಈಥರ್ನೆಟ್ ವೈರ್ ಎಳೆದಾಗ ಒಂದೇ ಸ್ವಿಚ್ಚಿಗೆ (ಹಲವು ನೆಟ್ ವೈರ್ ಜೋಡಿಸುವ ಪೆಟ್ಟಿಗೆ) 24 ಮನೆ ಸೇರುತ್ತವೆ. ಯಾರು ಯಾರು ಅಂತ ಹೇಗೆ ತಿಳಿಯುವುದು? ಅದಕ್ಕೆ ಈಥರ್ನೆಟ್ ಮೇಲೆಯೇ ಫೋನ್ ಕರೆಯ ಹಾಗೆ ಒಂದು ಏರ್ಪಾಡು ಮಾಡಿದರು. 1999ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 2516 ಎಂಬ ದಾಖಲೆಯಾಗಿ ಅದು ಹೊರಬಂತು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಅದರಂತೆ ಪ್ರೋಗ್ರಾಂ ಬರೆಯಬಹುದು.

ಅದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ನಿಮ್ಮ ಕಂಪ್ಯೂಟರ್ ಮೊದಲು ವೈರಿನಲ್ಲಿ ಕೂಗಿ ಕೇಳುತ್ತದೆ, "ಯಾರಾದರೂ ಇದ್ದೀರಾ?" ಇದಕ್ಕೆ ಪ್ಯಾಡಿ ಅಂತಾರೆ. ಆಪರೇಟರ್ ಕಡೆಯ ಪೆಟ್ಟಿಗೆ "ನಾನಿದ್ದೇನೆ" ಅನ್ನುತ್ತದೆ, ಅದು ಪ್ಯಾಡೋ. "ಹಾಗಾದರೆ ನಿಮ್ಮ ಹತ್ತಿರವೇ ಬರುತ್ತೇನೆ" ಅನ್ನುವುದು ಪ್ಯಾಡರ್. "ಆಯಿತು, ಇದು ನಿಮ್ಮ ಸೆಷನ್ ನಂಬರ್" ಅನ್ನುವುದು ಪ್ಯಾಡ್ಸ್. ಇಷ್ಟು ಆದ ಮೇಲೆಯೇ ಹೆಸರು, ಪಾಸ್‌ವರ್ಡ್ ಕೇಳುವುದು.

ಈ ಕ್ರಮ ನೆನಪಿಟ್ಟುಕೊಂಡರೆ ರಿಪೇರಿ ಸುಲಭ. ಲಿನಕ್ಸ್‌ನಲ್ಲಿ ಲಾಗ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ಫೈಲ್, ತೆಗೆದು ನೋಡಿ. "ಟೈಮ್‌ಔಟ್ ವೇಟಿಂಗ್ ಫಾರ್ ಪ್ಯಾಡೋ ಪ್ಯಾಕೆಟ್ಸ್" ಅಂತ ಇದ್ದರೆ ಏನರ್ಥ? ನೀವು ಕೂಗಿದಿರಿ, ಯಾರೂ ಉತ್ತರ ಕೊಡಲಿಲ್ಲ. ಪಾಸ್‌ವರ್ಡಿನ ಹಂತಕ್ಕೆ ಮಾತು ಹೋಗಿಯೇ ಇಲ್ಲ. ವೈರ್ ಕಡಿದಿರಬಹುದು. ಮೆಟ್ಟಿಲ ಪೆಟ್ಟಿಗೆಗೆ ಮಳೆ ನೀರು ಹೋಗಿರಬಹುದು. ಅದರ ಬದಲು ಪಾಪ್ ಅಥವಾ ಚಾಪ್ (ಪಾಸ್‌ವರ್ಡ್ ಒಪ್ಪಿಸುವ ಎರಡು ಕ್ರಮಗಳು) ಅಥೆಂಟಿಕೇಷನ್ ಫೇಲ್ಡ್ ಅಂತ ಇದ್ದರೆ ವೈರ್ ಚೆನ್ನಾಗಿದೆ. ಹೆಸರೋ ಪಾಸ್‌ವರ್ಡೋ ತಪ್ಪು, ಇಲ್ಲವೇ ಪ್ಲಾನ್ ಮುಗಿದಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರು ಕೇಳುವುದು ಎರರ್ ನಂಬರ್. ಲಿನಕ್ಸ್‌ನಲ್ಲಿ ನಂಬರ್ ಬರುವುದಿಲ್ಲ, ವಾಕ್ಯ ಬರುತ್ತದೆ. ಅದಕ್ಕೆ ಒಂದು ಉಪಾಯ ಹೇಳುತ್ತೇನೆ. ಪ್ಯಾಡೋ ಬರದಿದ್ದರೆ ಅದು ವಿಂಡೋಸಿನ 651 ಅಥವಾ 678ಕ್ಕೆ ಸಮ. ಅಥೆಂಟಿಕೇಷನ್ ಫೇಲ್ ಆದರೆ 691ಕ್ಕೆ ಸಮ. ಹೀಗೆ ಹೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಮಾತು ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಲಿನಕ್ಸ್ ಎಂಬ ಹೆಸರಿನಲ್ಲೇ ಸಿಕ್ಕಿ ನಿಲ್ಲುತ್ತದೆ.

ಲಿನಕ್ಸ್‌ಗೆ ಇದು ಹೊಸತೂ ಅಲ್ಲ. 2001ರ ಜನವರಿಯಲ್ಲಿ ಬಂದ 2.4 ಕರ್ನಲ್ಲಿನಲ್ಲೇ ಪಿಪಿಪಿಒಇ ಇತ್ತು. ವಿಂಡೋಸ್ ಒಳಗೇ ಅದು ಸೇರಿ ಬಂದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ, ಎಕ್ಸ್‌ಪಿ ಜೊತೆ. ಅದಕ್ಕೂ ಮೊದಲಿನಿಂದ ಕೆನಡಾದ ಡಯಾನ್ ಸ್ಕಾಲ್ ಎಂಬ ಪ್ರೋಗ್ರಾಮರ್ ಬರೆದ ರೋರಿಂಗ್ ಪೆಂಗ್ವಿನ್ ಪಿಪಿಪಿಒಇ ಇತ್ತು. ಪಿಪಿಪಿ ನಡೆಸುವ ಪಿಪಿಪಿಡಿ ಎಂಬ ಪ್ರೋಗ್ರಾಮನ್ನು ಆಸ್ಟ್ರೇಲಿಯಾದ ಪಾಲ್ ಮ್ಯಾಕರಸ್ ಬಹಳ ವರ್ಷ ನೋಡಿಕೊಂಡರು. ಇವರೆಲ್ಲ ಮಾಡಿಟ್ಟದ್ದನ್ನು ನಾವು ಪುಕ್ಕಟೆ ಬಳಸುತ್ತೇವೆ. ಹಾಗಾಗಿ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ. ಮಿಂಟ್‌ನ ಅಡ್ವಾನ್ಸ್ಡ್ ನೆಟ್‌ವರ್ಕ್ ಕಾನ್ಫಿಗರೇಷನ್ ತೆರೆದೆ. ಕೂಡಿಸುವ ಗುರುತು ಒತ್ತಿದೆ. ಪಟ್ಟಿಯಲ್ಲಿ ಡಿಎಸ್‌ಎಲ್ ಅಥವಾ ಪಿಪಿಪಿಒಇ ಆರಿಸಿದೆ. ಡಿಎಸ್‌ಎಲ್ ಅನ್ನುವ ಹೆಸರು ನೋಡಿ ‘ನಮ್ಮದು ಫೈಬರ್, ಇದು ನಮಗಲ್ಲ’ ಅಂದುಕೊಳ್ಳಬೇಡಿ, ಅದು ಹಳೆಯ ಹೆಸರು ಉಳಿದುಕೊಂಡದ್ದು. ನೆಟ್‌ವರ್ಕ್ ಕಾರ್ಡ್ ಯಾವುದು ಅಂತ ಆರಿಸಿ, ಹೆಸರು, ಪಾಸ್‌ವರ್ಡ್ ತುಂಬಿದೆ. ಸರ್ವಿಸ್ ಅಂತ ಒಂದು ಖಾನೆ ಇದೆ. ಅಲ್ಲಿ ಸುಮ್ನೆ ಕಂಪನಿಯ ಹೆಸರು ಬರೆಯಬೇಡಿ. ಆಪರೇಟರ್ ಕೇಳದಿದ್ದರೆ ಅದು ಖಾಲಿ ಇರಲಿ. ಅಲ್ಲಿ ಏನೋ ಬರೆದು, ಆಮೇಲೆ ಪ್ಯಾಡೋ ಬರಲಿಲ್ಲ ಅಂತ ಒದ್ದಾಡಿದವರನ್ನು ನೋಡಿದ್ದೇನೆ. ಲಿನಕ್ಸಿನ ಇನ್ನೊಂದು ಬಗೆಯಾದ ಉಬುಂಟುವಿನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಈ ಆಯ್ಕೆ ಸಿಗದಿದ್ದರೆ ಎನ್‌ಎಂ ಕನೆಕ್ಷನ್ ಎಡಿಟರ್ ಎಂಬುದನ್ನು ತೆರೆಯಿರಿ, ಅಲ್ಲಿ ಇರುತ್ತದೆ.

ಡೆಬಿಯನ್ ಎಂಬ ಬಗೆಯ ಲಿನಕ್ಸ್‌ನಲ್ಲಿ ಪಿಪಿಪಿಒಇಕಾನ್ಫ್ ಎಂಬ ಪ್ರೋಗ್ರಾಂ ಪ್ರಶ್ನೆ ಕೇಳಿ ಕೇಳಿ ಎಲ್ಲ ಬರೆದುಕೊಡುತ್ತದೆ. ಕೈಯಿಂದಲೇ ಬರೆಯುವವರಿಗೆ ಒಂದು ಎಚ್ಚರಿಕೆ. ಪಾಸ್‌ವರ್ಡ್ ಇಡುವ ಫೈಲಿನಲ್ಲಿ ಹ್ಯಾಶ್ (#) ಗುರುತಿನ ನಂತರದ್ದನ್ನು ಪಿಪಿಪಿಡಿ ಓದುವುದಿಲ್ಲ. ಅದನ್ನು ಟಿಪ್ಪಣಿ ಅಂದುಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡಿನ ನಡುವೆ ಹ್ಯಾಶ್ ಇದ್ದರೆ ಅರ್ಧ ಪಾಸ್‌ವರ್ಡ್ ಮಾತ್ರ ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ನಾನು ಇದರಲ್ಲೇ ಒಂದು ಇಡೀ ಸಂಜೆ ಕಳೆದಿದ್ದೇನೆ. ಆಪರೇಟರ್ ಪಾಸ್‌ವರ್ಡ್ ಸರಿ ಇದೆ ಅನ್ನುತ್ತಾರೆ, ನಮ್ಮ ಕಣ್ಣಿಗೂ ಸರಿ ಇದೆ, ಲಾಗಿನ್ ಮಾತ್ರ ಆಗುವುದಿಲ್ಲ.

ಇನ್ನೊಂದು ಬಗೆಯ ತೊಂದರೆ ಲಾಗಿನ್ ಆದ ಮೇಲೆ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿಕ್ಕಮ್ಮನ ಲ್ಯಾಪ್‌ಟಾಪಿನಿಂದ ಹಾಟ್‌ಸ್ಪಾಟ್ ಮಾಡಿ ಅವರ ಫೋನಿಗೂ ನೆಟ್ ಕೊಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ. ಫೋನಿನಲ್ಲಿ ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಕಟ್ಟು, 1500 ಬೈಟ್‌ವರೆಗೆ ಹೊರುತ್ತದೆ. ಪಿಪಿಪಿಒಇ ತನ್ನ ಹಣೆಪಟ್ಟಿಗೆ 8 ಬೈಟ್ ತೆಗೆದುಕೊಳ್ಳುತ್ತದೆ. ನಮಗೆ ಉಳಿಯುವುದು 1492. ಲ್ಯಾಪ್‌ಟಾಪ್‌ಗೆ ಇದು ಗೊತ್ತು, ಡಯಲ್ ಮಾಡಿದ್ದು ಅದೇ ಅಲ್ವಾ. ಫೋನಿಗೆ ಗೊತ್ತಿಲ್ಲ. ಅದು ದೂರದ ಸರ್ವರ್‌ಗೆ ‘ದೊಡ್ಡದನ್ನೇ ಕಳಿಸಿ’ ಅನ್ನುತ್ತದೆ. ನಮ್ಮ ಚಾಲ್‌ಗಳ (ಹಳೆಯ ವಠಾರಗಳ) ಮೆಟ್ಟಿಲು ನೆನಪು ಮಾಡಿಕೊಳ್ಳಿ. ದೊಡ್ಡ ಕಪಾಟು ಕೆಳಗೆ ಬಂದು ನಿಂತಿದೆ, ಮೆಟ್ಟಿಲಲ್ಲಿ ತಿರುಗುವುದಿಲ್ಲ. "ಸಣ್ಣದು ಕಳಿಸಿ" ಅಂತ ಅಂಗಡಿಗೆ ಹೇಳಿಕಳಿಸಬೇಕು. ಹಾಗೆ ಹೇಳುವ ಸಂದೇಶ ಇಂಟರ್‌ನೆಟ್‌ನಲ್ಲೂ ಇದೆ. ಆದರೆ ಕೆಲವು ಸರ್ವರ್‌ಗಳ ಫೈರ್‌ವಾಲ್ (ಕಾವಲು ಪ್ರೋಗ್ರಾಂ) ಆ ಸಂದೇಶವನ್ನೇ ಬಾಗಿಲಲ್ಲಿ ತಡೆಯುತ್ತದೆ. ಅಂಗಡಿಯವನು ಮತ್ತೆ ಮತ್ತೆ ಅದೇ ಕಪಾಟು ಕಳಿಸುತ್ತಾನೆ. ನಾವು ಕಾಯುತ್ತಾ ಕೂರುತ್ತೇವೆ. ಸಣ್ಣ ಸಣ್ಣ ಪ್ಯಾಕೆಟ್ಟಿನ ಪುಟಗಳು ಬರುತ್ತವೆ, ದೊಡ್ಡವು ಬರುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ತುಂಡು ಮಾಡಬೇಡ ಅಂತ ಹೇಳಿ 1464 ಬೈಟಿನ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷಾ ಪ್ಯಾಕೆಟ್) ಕಳಿಸಿ, ಹಣೆಪಟ್ಟಿಗಳು ಸೇರಿ ಅದು 1492 ಆಗುತ್ತದೆ. ಹೋಗಬೇಕು. 1472 ಕಳಿಸಿ. ಹೋಗಬಾರದು. ಪರಿಹಾರವೂ ಒಂದೇ ಸಾಲಿನದ್ದು. ಲ್ಯಾಪ್‌ಟಾಪಿನ ಫೈರ್‌ವಾಲ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪ್ ಎಂಬ ನಿಯಮ ಹಾಕಿದರೆ, ಫೋನ್ ಕೇಳುವ ಅಳತೆಯನ್ನು ಅದು ದಾರಿಯಲ್ಲೇ 1452ಕ್ಕೆ ಇಳಿಸುತ್ತದೆ. ಆ ಸಾಲನ್ನು ಹಾಕಿದ ಕೂಡಲೇ ಚಿಕ್ಕಮ್ಮನ ಫೋನಿನಲ್ಲಿ ಸುತ್ತುತ್ತಿದ್ದ ಪುಟ ಪಟ್ಟನೆ ತೆರೆಯಿತು. ಅವರ ಮುಖ ನೋಡಬೇಕಿತ್ತು.

ಪಿಪಿಪಿಒಇ ಬಿಟ್ಟರೆ ಇನ್ನೊಂದು, ಬ್ರೌಸರ್‌ನಲ್ಲಿ ಲಾಗಿನ್ ಪುಟ ಬರುವ ಬಗೆ. ಇದರಲ್ಲಿ ಲಿನಕ್ಸ್‌ಗೆ ವಿಶೇಷ ತೊಂದರೆ ಏನಿಲ್ಲ, ಬ್ರೌಸರ್ ಇದ್ದರೆ ಸಾಕು. ಆದರೆ ಆ ಪುಟ ಕೆಲವೊಮ್ಮೆ ಬರುವುದೇ ಇಲ್ಲ. ಕಾರಣ ಎರಡು. ಆಪರೇಟರ್ ನಿಮ್ಮನ್ನು ದಾರಿ ತಿರುಗಿಸಿ ಲಾಗಿನ್ ಪುಟಕ್ಕೆ ಕಳಿಸುತ್ತಾರೆ. ಈಗ ಬಹುತೇಕ ಸೈಟ್ ಎಚ್‌ಟಿಟಿಪಿಎಸ್, ಅಂದರೆ ಬೀಗ ಹಾಕಿದ ಸಂಪರ್ಕದ್ದು. ಅದನ್ನು ನಡುವೆ ತಿರುಗಿಸಿದರೆ ಬ್ರೌಸರ್ ಅಪಾಯ ಅಂತ ಕೆಂಪು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಅದು ಬ್ರೌಸರ್ ಮಾಡುವ ಸರಿಯಾದ ಕೆಲಸ. ಎಚ್ಚರಿಕೆ ದಾಟಿ ಮುಂದೆ ಹೋಗಬೇಡಿ. ಬದಲಿಗೆ ಎಸ್ ಇಲ್ಲದ ಬರೀ ಎಚ್‌ಟಿಟಿಪಿಯ ಯಾವುದಾದರೂ ಸೈಟ್ ತೆರೆಯಿರಿ. ನೆವರ್‌ಎಸ್‌ಎಸ್‌ಎಲ್ ಎಂಬ ಸೈಟ್ ಇದಕ್ಕಾಗಿಯೇ ಇದೆ. ಎರಡನೆಯದು, ನೀವು ಕೈಯಿಂದ ಬೇರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಹಾಕಿದ್ದರೆ ಲಾಗಿನ್ ಪುಟದ ವಿಳಾಸ ಅದಕ್ಕೆ ಗೊತ್ತಿರಲಿಕ್ಕಿಲ್ಲ. ಲಾಗಿನ್ ಆಗುವವರೆಗೆ ಆಪರೇಟರ್ ಕೊಟ್ಟದ್ದನ್ನೇ ಇಡಿ.

ಮೂರನೆಯದು ಮ್ಯಾಕ್ ಬೈಂಡಿಂಗ್. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಆಪರೇಟರ್ ನಿಮ್ಮ ಕನೆಕ್ಷನ್ನನ್ನು ಅದಕ್ಕೆ ಕಟ್ಟಿಹಾಕಿರುತ್ತಾರೆ. ಹೊಸ ಲ್ಯಾಪ್‌ಟಾಪ್ ಹಚ್ಚಿದಾಗ ನೆಟ್ ಬರುವುದಿಲ್ಲ, ಹಳೆಯದಕ್ಕೆ ಬರುತ್ತದೆ. ಫೋನ್ ಮಾಡಿ "ಮ್ಯಾಕ್ ರೀಸೆಟ್ ಮಾಡಿ" ಅಂದರೆ ಮುಗಿಯಿತು.

ಫೈಬರ್ ಬಂದ ಮನೆಗಳಲ್ಲಿ ಕೆಲವು ಕಡೆ ಲಾಗಿನ್ ಕೇಳುವುದೇ ಇಲ್ಲ, ನಿಮ್ಮ ಲೈನನ್ನೇ ನೋಡಿ ಗುರುತಿಸುತ್ತಾರೆ. ಅಲ್ಲಿ ವಿಎಲ್‌ಎಎನ್ ನಂಬರ್ (ಒಂದೇ ವೈರಿನಲ್ಲಿ ಬೇರೆ ಬೇರೆ ದಾರಿ ಗುರುತಿಸುವ ಸಂಖ್ಯೆ) ಬೇಕಾಗಬಹುದು. 1ರಿಂದ 4094ರೊಳಗಿನ ಒಂದು ಸಂಖ್ಯೆ. ಲಿನಕ್ಸ್‌ನಲ್ಲಿ ಅದನ್ನು ಕೊಡಲು ಬರುತ್ತದೆ. ಆದರೆ ಸಂಖ್ಯೆ ಗೊತ್ತಿರಬೇಕು. ಅದಿಲ್ಲದಿದ್ದರೆ ಎಷ್ಟು ಕೂಗಿದರೂ ಉತ್ತರ ಬರುವುದಿಲ್ಲ.

ನನ್ನ ಮನಸ್ಸಿಗೆ ನೋವು ಕೊಡುವ ಬಗೆ ಒಂದಿದೆ. ವಿಂಡೋಸ್‌ಗೆ ಮಾತ್ರ ಬರೆದ ಲಾಗಿನ್ ಪ್ರೋಗ್ರಾಂ. 2006ರಲ್ಲಿ ನಾನು ಇಲ್ಲೇ ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆ. ಆಪರೇಟರ್ ಒಂದು ಸಿಡಿ ಕೊಟ್ಟರು. ಅದರಲ್ಲೊಂದು ಇಎಕ್ಸ್‌ಇ. ಅದಿಲ್ಲದೆ ನೆಟ್ ಇಲ್ಲ. ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ ನೋಡಿದೆ. ಕಿಟಕಿ ತೆರೆಯಿತು, ಲಾಗಿನ್ ಆಗಲಿಲ್ಲ. ಆಗ ವೈರಿನಲ್ಲಿ ಹೋಗುವುದನ್ನು ತೋರಿಸುವ ಈಥರಿಯಲ್ ಎಂಬ ಪ್ರೋಗ್ರಾಂ ಇತ್ತು, ಅದೇ ವರ್ಷ ಅದರ ಹೆಸರು ವೈರ್‌ಶಾರ್ಕ್ ಅಂತ ಬದಲಾಯಿತು. ಗೆಳೆಯನ ವಿಂಡೋಸ್ ಯಂತ್ರದಲ್ಲಿ ನನ್ನದೇ ಹೆಸರಲ್ಲಿ ಲಾಗಿನ್ ಮಾಡಿ, ಏನು ಹೋಗುತ್ತದೆ ಅಂತ ಅದರಲ್ಲಿ ನೋಡಿದೆವು. ಹೋಗುತ್ತಿದ್ದದ್ದು ಒಂದು ಸಾದಾ ವೆಬ್ ಫಾರಂ. ನಂತರ ನಿಮಿಷಕ್ಕೊಮ್ಮೆ ‘ನಾನು ಇನ್ನೂ ಇದ್ದೇನೆ’ ಅನ್ನುವ ಒಂದು ಸಂದೇಶ. ಪಾಸ್‌ವರ್ಡಿಗೆ ಮುಸುಕೂ ಇರಲಿಲ್ಲ. ಇಪ್ಪತ್ತು ಸಾಲಿನ ಪರ್ಲ್ ಸ್ಕ್ರಿಪ್ಟ್ ಬರೆದೆವು. ಅದು ಎರಡು ವರ್ಷ ಓಡಿತು. ಇಷ್ಟು ಸಣ್ಣ ಕೆಲಸಕ್ಕೆ ಜನರ ಕೈಯಲ್ಲಿ ಒಂದು ಇಡೀ ಆಪರೇಟಿಂಗ್ ಸಿಸ್ಟಂ ಕೊಳ್ಳಿಸಬೇಕಾ? ನನಗೆ ಅದು ಅನ್ಯಾಯ ಅಂತಲೇ ಅನಿಸುತ್ತದೆ. ಇವತ್ತೂ ಯಾರಾದರೂ ಅಂಥದ್ದನ್ನು ಕೊಟ್ಟರೆ, ಹಣ ಕಟ್ಟುವ ಮೊದಲೇ "ಪಿಪಿಪಿಒಇ ಕೊಡ್ತೀರಾ?" ಅಂತ ಕೇಳಿ. ಇಲ್ಲ ಅಂದರೆ ಪಕ್ಕದ ಆಪರೇಟರನ್ನು ಕೇಳಿ. ಮುಂಬಯಿಯಲ್ಲಿ ನಮ್ಮ ಜಾಸ್ತಿ ಕಟ್ಟಡಗಳಿಗೆ ಒಂದಕ್ಕಿಂತ ಹೆಚ್ಚು ವೈರ್ ಬಂದಿರುತ್ತದೆ.

ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಪಾಪ್ ಪದ್ಧತಿಯಲ್ಲಿ ಅದು ಮುಸುಕಿಲ್ಲದೆ, ಇದ್ದ ಹಾಗೆಯೇ ವೈರಿನಲ್ಲಿ ಹೋಗುತ್ತದೆ. ಚಾಪ್‌ನಲ್ಲಿ ಹಾಗಲ್ಲ. ಆಪರೇಟರ್ ಯಾವುದು ಇಟ್ಟಿದ್ದಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಬ್ಯಾಂಕಿಗೋ ಮೇಲ್‌ಗೋ ಇಟ್ಟ ಪಾಸ್‌ವರ್ಡನ್ನು ಇಲ್ಲಿ ಇಡಲೇಬೇಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಬರೆಯುತ್ತೇನೆ.

ಹೋಟೆಲ್ ನಡೆಸುವ ಹಿರಿಯರೊಬ್ಬರು ಕೇಳಿದರು, "ನಮ್ಮಲ್ಲಿ ರೂಟರೇ ಲಾಗಿನ್ ಮಾಡ್ತದೆ. ಮತ್ತೆ ನಮಗೆ ಇದೆಲ್ಲ ಯಾಕೆ?"

ನಿಜ ಅಣ್ಣ, ರೂಟರ್ ಡಯಲ್ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ಏನೂ ಮಾಡಬೇಕಾಗಿಲ್ಲ. ವೈಫೈ ಹಿಡಿದರೆ ಸಾಕು, ಲಿನಕ್ಸ್ ಆದರೇನು, ಬೇರೆ ಆದರೇನು. ಚಿಕ್ಕಮ್ಮನಿಗೂ ನಾನು ಆಮೇಲೆ ಒಂದು ರೂಟರ್ ತಂದುಕೊಟ್ಟೆ. ಆದರೆ ಆ ರೂಟರಿನೊಳಗಿನ ಹೆಸರು, ಪಾಸ್‌ವರ್ಡ್ ನಿಮ್ಮ ಹತ್ತಿರ ಇದೆಯಾ? ಹುಡುಗ ಬಂದು ತುಂಬಿ ಹೋಗಿರುತ್ತಾನೆ. ಜುಲೈನಲ್ಲಿ ಸಿಡಿಲಿಗೆ ರೂಟರ್ ಸುಟ್ಟರೆ, ಅವನು ಫೋನ್ ಎತ್ತುವವರೆಗೆ ನಿಮ್ಮ ಕೌಂಟರಿನಲ್ಲಿ ಯುಪಿಐ ಪೆಟ್ಟಿಗೆ ಸುಮ್ಮನೆ ಕೂರುತ್ತದೆ. ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಬಗೆಯ ಲಾಗಿನ್, ಪೂರ್ತಿ ಯೂಸರ್‌ನೇಮ್, ಅದರಲ್ಲಿ ಅಟ್ ಗುರುತು ಮತ್ತು ನಂತರದ ಭಾಗ ಇದ್ದರೆ ಅದನ್ನೂ ಸೇರಿಸಿ, ಪಾಸ್‌ವರ್ಡ್, ವಿಎಲ್‌ಎಎನ್ ಸಂಖ್ಯೆ, ಮ್ಯಾಕ್ ಬೈಂಡ್ ಇದೆಯೋ ಇಲ್ಲವೋ.

ಕಾಲೇಜಿನ ಹುಡುಗಿ ಕೇಳಿದಳು, "ಪಾಸ್‌ವರ್ಡ್ ಕೊಡೋದಿಲ್ಲ ಅಂದ್ರೆ ಏನ್ ಮಾಡೋದು ಸರ್?"

ಹೊಸದು ಹಾಕಿಸಿಕೋ ಮರಿ. ಹಳೆಯದನ್ನು ಹೇಳುವುದಿಲ್ಲ ಅನ್ನಬಹುದು, ರೀಸೆಟ್ ಮಾಡಿ ಹೊಸದನ್ನು ಮೆಸೇಜ್ ಮಾಡಿ ಅಂತ ಕೇಳು. ನಮ್ಮ ಅನುಭವದಲ್ಲಿ ಅದಕ್ಕೆ ಜಾಸ್ತಿ ಜನ ಒಪ್ಪುತ್ತಾರೆ. ಬಾಯಲ್ಲಿ ಬೇಡ, ಬರಹದಲ್ಲೇ ಕೇಳು. ಲಿನಕ್ಸ್ ಅನ್ನುವ ಮಾತನ್ನು ಎತ್ತಲೂಬೇಡ. "ರೂಟರ್ ಬದಲಿಸ್ತಾ ಇದ್ದೇನೆ, ಪಿಪಿಪಿಒಇ ಡಿಟೇಲ್ಸ್ ಬೇಕು" ಅನ್ನು. ಲ್ಯಾಪ್‌ಟಾಪೇ ಈಗ ನಿನ್ನ ರೂಟರ್ ಆಗಿರುವುದರಿಂದ ಅದು ಸುಳ್ಳೂ ಅಲ್ಲ.

ಚಿಕ್ಕಮ್ಮನ ಹಾಳೆ ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ, ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ ಅಂಟಿಸಿದೆ. ಮೊನ್ನೆ ಅದೇ ಹುಡುಗ ಪೆಟ್ಟಿಗೆ ಬದಲಿಸಲು ಬಂದಾಗ ಅವನ ಹತ್ತಿರ ಯೂಸರ್‌ನೇಮ್ ಇರಲಿಲ್ಲವಂತೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ ಹೇಳಿದರು.